ತೊಂಬತ್ತು ರೂಪಾಯಿಯ ಕೆಂಪು ಜರ್ಸಿ

ನಮ್ಮಪ್ಪ ಕಾಟನ್‌ಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಬಟ್ಟೆ ತೋರಿಸಿ, ಅಳೆದು, ಬಿಲ್ ಬರೆದು ಸಾಕಾಗಿ ಮನೆಯಲ್ಲಿ ಕೂತವರು. ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ಒಂದು ಸಲ ಉಜ್ಜಿದರೆ ಬೆಲೆ ಹೇಳುತ್ತಿದ್ದರು. ಮದುವೆಯಲ್ಲಿ ಬಂದ ಸೀರೆಗಳನ್ನು ನೆಂಟರು ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಗೆ ಹೊತ್ತು ತರುತ್ತಿದ್ದರು. ಅಪ್ಪ ಉಜ್ಜಿ ಹೇಳುತ್ತಿದ್ದರು. ಅದರಿಂದ ಎರಡು ಮನೆಗಳ ನಡುವೆ ಮಾತು ನಿಂತುಹೋದರೂ ಸರಿ, ಹೇಳುವ ಬೆಲೆಯಲ್ಲಿ ಐದು ರೂಪಾಯಿ ಹೆಚ್ಚುಕಮ್ಮಿ ಮಾಡಿದವರಲ್ಲ.

ಇಂಥವರ ಮಗ ನಾನು, ಹದಿನೇಳುನೂರು ರೂಪಾಯಿ ಕೊಟ್ಟು ಒಂದು ಫುಟ್‌ಬಾಲ್ ಜರ್ಸಿ ತಂದೆ.

ಆಗ ನನಗೆ ಇಪ್ಪತ್ತಾರು, ಗುಮಾಸ್ತೆ ಕೆಲಸ. ಕೇಬಲ್ ಟೀವಿಯಲ್ಲಿ ಇಂಗ್ಲೆಂಡಿನ ಒಂದು ಕೆಂಪು ತಂಡವನ್ನು ನೋಡಿ ನೋಡಿ, ಅದು ಸೋತರೆ ಊಟ ಸೇರದಷ್ಟು ಹಚ್ಚಿಕೊಂಡಿದ್ದೆ. ಆ ಊರು ಭೂಪಟದಲ್ಲಿ ಎಲ್ಲಿದೆ ತೋರಿಸು ಅಂದಿದ್ದರೆ ತಡಕಾಡುತ್ತಿದ್ದೆ, ಅದು ಬೇರೆ ವಿಷಯ. ಫುಟ್‌ಪಾತಿನಲ್ಲಿ ಅದೇ ಜರ್ಸಿಯ ನಕಲು ನೂರಕ್ಕೆ ಸಿಗುತ್ತಿತ್ತು. ಅದನ್ನು ಹಾಕಿಕೊಂಡವನು ಅಭಿಮಾನಿಯೇ ಅಲ್ಲ ಎಂದು ನಮ್ಮ ಗೆಳೆಯರ ಗುಂಪು ತೀರ್ಮಾನಿಸಿತ್ತು. ಅದೇ ತಿಂಗಳು ಮನೆಯ ಮಿಕ್ಸಿ ಕೆಟ್ಟಿತ್ತು. ದುಡ್ಡಿಲ್ಲಮ್ಮ, ಮುಂದಿನ ತಿಂಗಳು ನೋಡೋಣ ಎಂದು ಹೇಳಿದವನೂ ನಾನೇ. ಅಮ್ಮ ಹಿತ್ತಲಿನ ಒರಳಲ್ಲಿ ರುಬ್ಬುತ್ತಿದ್ದಳು. ಹಾಗಾಗಿ ಜರ್ಸಿಗೆ ಎಷ್ಟಾಯಿತೆಂದು ಅವಳು ಕೇಳಿದಾಗ ಇನ್ನೂರು ಅಂದೆ.

ಅಪ್ಪ ಅಂಚು ಉಜ್ಜಿದರು.

"ತೊಂಬತ್ತು" ಅಂದರು. "ಬರೀ ಪಾಲಿಯೆಸ್ಟರ್. ಇದಕ್ಕೆ ಇನ್ನೂರು ಕೊಟ್ಟು ಬಂದ್ಯಾ? ನನ್ನ ಮಗನಿಗೇ ಟೋಪಿ ಹಾಕಿದಾರಲ್ಲಯ್ಯ! ಎದೆ ಮೇಲೆ ಯಾವುದೋ ಕಂಪನಿ ಹೆಸರು ಬೇರೆ. ಅದನ್ನ ಹೊತ್ಕೊಂಡು ತಿರುಗೋದಕ್ಕೆ ಅವರೇ ನಿಂಗೆ ಕೂಲಿ ಕೊಡ್ಬೇಕು. ನಡಿ, ಯಾವ ಅಂಗಡಿ ತೋರ್ಸು."

"ಹೋಗ್ಲಿ ಬಿಡಿ ಅಪ್ಪ."

"ಏನು ಹೋಗ್ಲಿ? ದುಡ್ಡೇನು ಬಿಟ್ಟಿ ಬಂದಿದ್ಯಾ?"

"ಹೋಗಿ ಬನ್ರೀ" ಅಂದಳು ಅಮ್ಮ. "ಬಂದಷ್ಟು ಬರ್ಲಿ, ಮಿಕ್ಸಿ ರಿಪೇರಿಗಾದ್ರೂ ಆಗುತ್ತೆ."

ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜರ್ಸಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಕಂಟೋನ್ಮೆಂಟ್ ಕಡೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಚೌಕಾಸಿ ಮಾಡುವುದನ್ನು ಹೇಳಿಕೊಟ್ಟರು. ಬಸ್ಸು ಕೆಟ್ಟು ನಿಲ್ಲಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವತ್ತು ಬಸ್ಸಿಗೆ ಏನೂ ಆಗಲಿಲ್ಲ.

ಗಾಜಿನ ಬಾಗಿಲಿನ ಏಸಿ ಅಂಗಡಿ. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಅದೇ ಜರ್ಸಿ ಅಲ್ಲಿ ಸಾಲಾಗಿ ನೇತಾಡುತ್ತಿತ್ತು. ಬೆಲೆಯ ಚೀಟಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಏನಮ್ಮ, ಬಟ್ಟೆಗೆ ತೊಂಬತ್ತು. ಮಿಕ್ಕಿದ್ದು ಯಾತಕ್ಕೆ?" ಕೌಂಟರಿನಲ್ಲಿದ್ದ ಹೆಂಗಸನ್ನು ಕೇಳಿದರು.

"ಒರಿಜಿನಲ್ ಅಂಕಲ್. ಟೀಮ್ ಬ್ಯಾಡ್ಜ್ ಇದೆಯಲ್ಲ, ಅದಕ್ಕೆ. ಮುಂದಿನ ವರ್ಷ ಬೇರೆ ಡಿಸೈನ್ ಬರುತ್ತೆ."

ಈಗ ನನ್ನ ಕಡೆ ತಿರುಗುತ್ತಾರೆ ಅಂದುಕೊಂಡೆ. ತಿರುಗಲಿಲ್ಲ. ಆಕೆಯ ಹತ್ತಿರ ಬಗ್ಗಿ ದನಿ ತಗ್ಗಿಸಿದರು.

"ನೋಡಮ್ಮ, ಏನೋ ತಪ್ಪಾಗಿದೆ. ನನ್ನ ಮಗನಿಗೆ ಇದನ್ನ ಇನ್ನೂರಕ್ಕೇ ಕೊಟ್ಬಿಟ್ಟಿದೀರ. ಯಜಮಾನರಿಗೆ ಗೊತ್ತಾದ್ರೆ ನಿನ್ನ ಸಂಬಳದಲ್ಲಿ ಹಿಡೀತಾರೆ. ನಾನೂ ಒಂದ್ಸಲ ಹೀಗೇ ಕಮ್ಮಿ ಬಿಲ್ ಬರೆದಿದ್ದೆ, ಗೌರಿ ಹಬ್ಬದ ತಿಂಗಳು. ಆ ತಿಂಗಳು ಪೂರಾ ಬರೀ ಕೈಲಿ ಮನೆಗೆ ಹೋದೆ." ಜೇಬಿನಿಂದ ನೋಟು ತೆಗೆದರು. "ಈಗ ನಾನೂರಿದೆ, ಇಟ್ಕೋ. ಉಳಿದದ್ದು ಸೋಮವಾರ ತಂದ್ಕೊಡ್ತೀನಿ."

ನಾನು ಸುಳ್ಳು ಹೇಳಿರಬಹುದು ಎನ್ನುವುದು ಅವರ ತಲೆಗೇ ಬರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು, ಅನ್ನಿಸಿತು.

"ಅಪ್ಪಾ, ನಾನು ಪೂರ್ತಿ ಕೊಟ್ಟಿದೀನಿ" ಅಂದೆ. "ಹದಿನೇಳ್ನೂರೂ."

ಅಪ್ಪ ನೋಟುಗಳನ್ನು ಮಡಿಸಿ ಜೇಬಿಗಿಟ್ಟರು. "ಸರಿ ಬಿಡಮ್ಮ, ನಿಂದೇನೂ ತಪ್ಪಿಲ್ಲ" ಎಂದು ಆಕೆಗೆ ಹೇಳಿ, ಹೊರಗೆ ಬಂದು ಚಪ್ಪಲಿ ಮೆಟ್ಟಿದರು. ಬಸ್ಸಿನಲ್ಲಿ ಮನೆ ಬರುವವರೆಗೂ ಕಿಟಕಿ ಕಡೆಗೇ ತಿರುಗಿ ಕೂತಿದ್ದರು. ನಾಲ್ಕು ಜನರೆದುರು ಬೈದಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಮ್ಮ ಒರಳ ಮುಂದೆ ಕೂತಿದ್ದಳು. "ಏನ್ರೀ, ದುಡ್ಡು ವಾಪಸ್ ಕೊಟ್ರಾ?" ಎಂದು ರುಬ್ಬುತ್ತಲೇ ಕೇಳಿದಳು.

ಅಪ್ಪ ಚೀಲದಿಂದ ಜರ್ಸಿ ತೆಗೆದರು. ನನ್ನ ಕಡೆ ನೋಡಲಿಲ್ಲ. ಅಂಚನ್ನು ಇನ್ನೊಮ್ಮೆ ನಿಧಾನವಾಗಿ ಉಜ್ಜಿದರು.

"ಇಲ್ಲ ಕಣೇ. ಆಗ ನಾನೇ ಸರಿಯಾಗಿ ನೋಡಿರ್ಲಿಲ್ಲ. ಇನ್ನೂರು ಸರಿಯಾಗೇ ಇದೆ."

"ನಿಮ್ಮ ಬೆರಳಿಗೂ ವಯಸ್ಸಾಯ್ತು ಬಿಡಿ" ಎಂದು ಅಮ್ಮ ನಕ್ಕಳು.

"ಹೂಂ, ಆಯ್ತು" ಅಂದರು ಅಪ್ಪ.