ಕಪ್ಪು ಪರದೆಯ ಪ್ರತಿ

ಒಯ್ದ ವಸ್ತು ತಾನಾಗಿಯೇ ಎದ್ದು ಒಡೆಯನ ಮನೆಗೆ ಮರಳುವುದನ್ನು ನಾನು ಮೊದಲ ಸಲ ಕಂಡದ್ದು ನಿವೃತ್ತನಾದ ಮೇಲೆ. ಅಥಣಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು, ಪುಸ್ತಕ ಇಸಿದುಕೊಂಡು ಆಯುಷ್ಯ ಸವೆಸಿದವನು ನಾನು. ಕೊಡುವುದಕ್ಕೆ ಯಾರಾದರೂ ಆದಾರು. ಇಸಿದುಕೊಳ್ಳುವುದೇ ನಿಜವಾದ ನೌಕರಿ. ನೋಟೀಸು ಬರೆಯಬೇಕು, ಹಾಲ್ ಟಿಕೆಟ್ ತಡೆಹಿಡಿಯುತ್ತೇನೆಂದು ಹೆದರಿಸಬೇಕು, ಮದುವೆಯಾಗಿ ಹೋದ ಹುಡುಗಿಯ ತವರಿಗೆ ಹೇಳಿ ಕಳಿಸಬೇಕು. ಅಂಥ ನನ್ನ ಮೊಬೈಲಿನಲ್ಲಿ ಬಾಡಿಗೆಗೆ ತಂದ ಒಂದು ಸಿನೆಮಾ, ನೋಡಲು ಶುರುಮಾಡಿದ ಎರಡು ದಿನಕ್ಕೆ ಸರಿಯಾಗಿ, ಹೇಳದೆ ಕೇಳದೆ ಹೊರಟುಹೋಯಿತು. ನನಗಾದದ್ದು ಶುದ್ಧ ಹೊಟ್ಟೆಕಿಚ್ಚು. ನನ್ನ ಪುಸ್ತಕಗಳೂ ಹೀಗೆ ಬಂದಿದ್ದರೆ ತಲೆಯ ಮೇಲೆ ಇನ್ನೂ ನಾಲ್ಕು ಕೂದಲು ಉಳಿದಿರುತ್ತಿದ್ದವು.

ನನ್ನ ಹೆಂಡತಿ ವತ್ಸಲಾಗೆ ಮಾತ್ರ ಇದು ಹಾಡುಹಗಲಿನ ಅನ್ಯಾಯವೆನಿಸಿತು. ರೊಕ್ಕ ಕೊಟ್ಟಿದ್ದೇವೆ, ನಮ್ಮ ಮೊಬೈಲಿನಲ್ಲೇ ಇತ್ತು, ಮತ್ತೆ ನಮ್ಮದಲ್ಲವೆಂದರೆ ಹೇಗೆ ಎಂದು ನನ್ನನ್ನೇ ಕಟಕಟೆಗೆ ನಿಲ್ಲಿಸಿದಳು. ನಾನು ಗ್ರಂಥಪಾಲಕನ ಗತ್ತಿನಲ್ಲಿ ಕನ್ನಡಕ ಏರಿಸಿಕೊಂಡು ವಿವರಿಸಿದೆ. ಇಲ್ಲಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದರೂ ಸಿನೆಮಾ ಅವರ ಮನೆಯಲ್ಲೇ ಇರುತ್ತದೆ, ನಮಗೆ ಸಿಗುವುದು ಕಿಟಕಿಯಲ್ಲಿ ಇಣುಕುವ ಪರವಾನಗಿ ಅಷ್ಟೆ. ಅಂಗಡಿಯಲ್ಲಿ ಕೊಂಡ ಸಿಡಿಯಾದರೆ ಕಪಾಟಿನಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತದೆ. ಹಾಗೆ ಧೂಳು ತಿನ್ನಿಸುವ ಹಕ್ಕಿಗೇ ಒಡೆತನ ಎನ್ನುತ್ತಾರೆ. ಅವಳು ಪೂರಾ ಕೇಳಿಸಿಕೊಂಡು, ಹಾಗಾದರೆ ಮುಂದಿನ ಸಲ ಪ್ರತಿ ಮಾಡಿ ಇಟ್ಟುಕೊಂಡರಾಯಿತು ಎಂದು ತೀರ್ಪು ಕೊಟ್ಟು ಒಳಗೆ ಹೋದಳು.

ಪ್ರತಿ ಮಾಡುವ ಈ ಚಟಕ್ಕೆ ಕಾರಣ ಜುಗೂಳದಲ್ಲಿದ್ದ ಅವಳ ತಂಗಿ ಸುಶೀಲಾ. ಇಬ್ಬರೂ ನಿಪ್ಪಾಣಿಯ ಮರಾಠಿ ಮನೆಯಲ್ಲಿ ಹುಟ್ಟಿದವರು. ಅಕ್ಕ ಅಥಣಿಗೆ ಬಂದಳು, ತಂಗಿಯನ್ನು ಕೃಷ್ಣೆಯ ದಂಡೆಯ ಕಬ್ಬಿನವರ ಮನೆಗೆ ಕೊಟ್ಟರು. ಅಂದಿನಿಂದ ಒಳ್ಳೆಯದು ಯಾವುದೂ ನಮ್ಮ ಮನೆಯಲ್ಲಿ ಒಂದೇ ಪ್ರತಿಯಲ್ಲಿ ಉಳಿದದ್ದಿಲ್ಲ. ಮೆಣಸಿನಕಾಯಿ ಹಿಂಡಿ ಕುಟ್ಟಿದರೆ ಎರಡು ಡಬ್ಬಿ, ದ್ರಾಕ್ಷಿ ತಂದರೆ ಎರಡು ಪಾಲು, ಹಾಡಿನ ಕ್ಯಾಸೆಟ್ ತಂದರೆ ಅದರದೊಂದು ನಕಲು. ನಕಲು ಮಾಡಿಕೊಡುತ್ತಿದ್ದವನು ನನ್ನ ಗೆಳೆಯ ದಸ್ತಗೀರ. ಆಗ ಪೇಟೆಯಲ್ಲಿ ಕ್ಯಾಸೆಟ್ ಲೈಬ್ರರಿ ಇಟ್ಟಿದ್ದ, ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾನೆ. ಕಾಲೇಜಿನಲ್ಲಿ ಇಡೀ ಪುಸ್ತಕ ಝೆರಾಕ್ಸ್ ಮಾಡಿಸಿದ ಹುಡುಗರಿಗೆ ಲೇಖಕನ ಹೊಟ್ಟೆಪಾಡಿನ ಬಗ್ಗೆ ಭಾಷಣ ಬಿಗಿಯುತ್ತಿದ್ದ ನಾನು, ಸಂಜೆ ಅವನ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ಹಿಡಿದು ನಿಂತಿರುತ್ತಿದ್ದೆ. ಅವನು ಅದನ್ನು ಯಾರಿಗೂ ಹೇಳಲಿಲ್ಲ.

ನನ್ನ ಸಮರ್ಥನೆಗೆ ಇತಿಹಾಸವೂ ಇದೆ. ಸಾವಿರ ವರ್ಷದ ಹಿಂದೆ ಈ ನಾಡಿನ ಒಬ್ಬ ತಾಯಿ ಒಂದು ಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆಕೆ ಇಂದು ಮೊಬೈಲಿನಲ್ಲಿ ಪ್ರತಿ ಮಾಡಲು ಹೊರಟಿದ್ದರೆ, ನನಗೆ ಬಂದಂಥ ಕಪ್ಪು ಪರದೆಯೇ ಸಾವಿರ ಕೈಗೆ ಬರುತ್ತಿದ್ದವು; ಅದು ಹೇಗೆಂದು ಮುಂದೆ ಹೇಳುತ್ತೇನೆ. ಆ ಕಾಲದ ಲಿಪಿಕಾರರದ್ದೂ ಒಂದು ಪದ್ಧತಿಯಿತ್ತು. ಗ್ರಂಥ ಮುಗಿದ ಮೇಲೆ ಕೊನೆಯಲ್ಲಿ ತಮ್ಮ ಸ್ವಂತದ್ದೊಂದು ಮಾತು ಸೇರಿಸುತ್ತಿದ್ದರು: ಬೆನ್ನು ನೊಂದಿದೆ, ಕುತ್ತಿಗೆ ಸೋತಿದೆ, ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ, ಇತ್ಯಾದಿ. ಮೂಲ ಕವಿಗಿಂತ ಈ ಬೆನ್ನುನೋವಿನ ಮನುಷ್ಯನೇ ನನಗೆ ಯಾವಾಗಲೂ ಹತ್ತಿರದವನು ಅನ್ನಿಸುತ್ತಾನೆ.

ಇನ್ನು ನಾನು ಪ್ರತಿ ಮಾಡಲು ಹೊರಟ ಸಿನೆಮಾದ ಕತೆ; ಅದು ಮೊದಲು ಹೇಳಿದ್ದಲ್ಲ, ಬೇರೆ. ಅಕ್ಕತಂಗಿಯರು ಚಿಕ್ಕವರಿದ್ದಾಗ ನಿಪ್ಪಾಣಿಯ ಟೆಂಟಿನಲ್ಲಿ ಒಂದು ಮರಾಠಿ ಸಿನೆಮಾಕ್ಕೆ ಹೋಗಿದ್ದರಂತೆ. ಗಂಡನೊಡನೆ ಜಗಳವಾಡಿ ಹೆಣ್ಣೊಬ್ಬಳು ಮನೆ ಬಿಟ್ಟು ಹೊರಡುವಲ್ಲಿಗೆ ಮಧ್ಯಂತರ. ಅಷ್ಟರಲ್ಲಿ ಸುಶೀಲಾ ರಂಪ ಮಾಡಿ ಅತ್ತದ್ದರಿಂದ ಅವರ ತಾಯಿ ಇಬ್ಬರನ್ನೂ ಎಳೆದುಕೊಂಡು ಮನೆಗೆ ಬಂದರು. ಉಳಿದರ್ಧ ಹೋಯಿತು. ಅಜ್ಜಿಯರಾಗುವ ವಯಸ್ಸಿನಲ್ಲೂ ವತ್ಸಲಾ ಅದಕ್ಕಾಗಿ ತಂಗಿಯನ್ನು ಕಾಡುತ್ತಿದ್ದಳು. ಅದೇ ಸಿನೆಮಾ ಒಂದು ದಿನ ಮೊಬೈಲಿನಲ್ಲಿ ಬಾಡಿಗೆಗೆ ಸಿಕ್ಕಿತು. ಕೊಳ್ಳಲು ಇರಲಿಲ್ಲ, ಬಾಡಿಗೆ ಮಾತ್ರ. ಸುಶಿಗೆ ಪ್ರತಿ ಮಾಡಲೇಬೇಕೆಂದು ಅಪ್ಪಣೆಯಾಯಿತು.

ಭಾನುವಾರ ಮಧ್ಯಾಹ್ನ ಉಂಡು, ಮೊಬೈಲನ್ನು ಹಿಂಡಿಯ ಬಾಟಲಿಗೆ ಆನಿಸಿ ನಿಲ್ಲಿಸಿ, ಪರದೆಯನ್ನು ಮುದ್ರಿಸಿಕೊಳ್ಳುವ ಗುಂಡಿ ಒತ್ತಿ ಕುಳಿತೆವು. ನಾನು ಗದಗ ಕಡೆಯವನು. ಇಷ್ಟು ವರ್ಷ ಈ ಗಡಿಯಲ್ಲಿದ್ದರೂ ನನ್ನ ಮರಾಠಿ ಬಸ್ಸು ಮತ್ತು ಬಾಜಾರ ದಾಟಿ ಮುಂದೆ ಹೋಗಿಲ್ಲ. ಪಕ್ಕದಲ್ಲೇ ಅರ್ಥ ಹೇಳುವವಳು ಇದ್ದಳು, ಕಲಿಯುವ ತಾಪತ್ರಯ ಯಾಕೆ ಎಂದು ಬಿಟ್ಟಿದ್ದೆ. ಅವಳು ಪ್ರತಿ ಮಾತನ್ನೂ ಕನ್ನಡಕ್ಕೆ ತರುತ್ತಿದ್ದಳು, ನಡುನಡುವೆ ನಟಿಯ ಸೀರೆಯನ್ನೂ ನನ್ನ ಆಕಳಿಕೆಯನ್ನೂ ವಿಚಾರಿಸಿಕೊಳ್ಳುತ್ತಿದ್ದಳು. ಮಧ್ಯಂತರದ ಹೊತ್ತಿಗೆ ಯಾರೋ ಬಂದರು, ಉಳಿದದ್ದು ನಾಳೆ ನೋಡುವುದೆಂದು ಎದ್ದೆವು. ಆಮೇಲೆ ಪ್ರತಿ ಹೇಗೆ ಬಂದಿದೆಯೆಂದು ತೆರೆದರೆ ಪರದೆ ಪೂರಾ ಕಪ್ಪು, ಹಿಂದೆ ಹೆಸರು ತೋರಿಸುವಾಗಿನ ವಾದ್ಯ ಮಾತ್ರ. ಕಂಪನಿಯವರು ಹಾಕಿದ ಕೀಲಿ ಅದು. ಹತ್ತು ಸೆಕೆಂಡು ನೋಡಿ ಇಬ್ಬರೂ ನಕ್ಕು ಮುಚ್ಚಿದೆವು.

ಮರುದಿನ ಬೆಳಿಗ್ಗೆ ಅವಳಿಗೆ ಎದೆ ಹಿಡಿದುಕೊಂಡಿತು. ಮಿರಜಿನ ಆಸ್ಪತ್ರೆಗೆ ಒಯ್ದೆವು. ನಾಲ್ಕನೆಯ ದಿನ ಅವಳನ್ನು ಮನೆಗೆ ತಂದದ್ದು ಮಣ್ಣಿಗೆ. ಸಿನೆಮಾ ಅದಕ್ಕೂ ಮೊದಲೇ ಹೊರಟುಹೋಗಿತ್ತು.

ಕರ್ಮದ ದಿನಗಳೆಲ್ಲ ಮುಗಿದ ಮೇಲೆ, ಜುಗೂಳಕ್ಕೆ ಹೊರಡುವ ಮುನ್ನ ಸುಶೀಲಾ ಸಂಕೋಚದಿಂದ ಕೇಳಿದಳು, ಅಕ್ಕ ಆ ಸಿನೆಮಾ ಪೂರಾ ನೋಡಿದಳೇನೆಂದು. ಅರ್ಧವೇ ಎಂದೆ. ಹೇಗಾದರೂ ಅದನ್ನು ಹುಡುಕಿ ನಿನಗೆ ತಲುಪಿಸುತ್ತೇನೆಂದು ನಾನೇ ಮಾತು ಕೊಟ್ಟೆ. ಹೆಂಡತಿ ಬಿಟ್ಟುಹೋದ ಕೆಲಸ ಇದೊಂದೇ ನನ್ನ ಕೈಯಲ್ಲಿ ಉಳಿದಿತ್ತು.

ಮೊಬೈಲಿನಲ್ಲಿ ಹುಡುಕಿದರೆ ಈ ಚಿತ್ರ ಈಗ ಲಭ್ಯವಿಲ್ಲ ಎಂಬ ಒಂದು ಸಾಲು. ಬಾಡಿಗೆಗೂ ಇಲ್ಲ. ಅಂಗಡಿಗೆ ಹೋಗಿ ದಸ್ತಗೀರನಿಗೆ ಹೇಳಿದೆ. ಅವನು ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗಳನ್ನು ಎರಡು ದಿನ ಜಾಲಾಡಿ, ಎರಡು ಸಿಡಿಗಳ ಒಂದು ಜೋಡಿ ತಂದುಕೊಟ್ಟ. ಒಂದರಲ್ಲಿ ಮಧ್ಯಂತರದವರೆಗೆ, ಇನ್ನೊಂದರಲ್ಲಿ ಉಳಿದದ್ದು. “ತಗೊಂಡ ಹೋಗ್ರಿ ಸರ, ಇದು ತಾನಾಗೇ ಎದ್ದ ಬರಾಂಗಿಲ್ಲ” ಎಂದ.

ಹಳೆಯ ಟಿವಿಗೆ ಹಳೆಯ ಪ್ಲೇಯರು ಜೋಡಿಸಿ ಮೊದಲ ಸಿಡಿ ಹಾಕಿದೆ. ಚಿತ್ರ ಚೆನ್ನಾಗಿಯೇ ಬಂತು. ಮಾತು ಮಾತ್ರ ಗಡಗಡನೆ ನನ್ನ ಮುಂದೆ ಹಾದು ಹೋಗುತ್ತಿತ್ತು. ಐದು ನಿಮಿಷವಾಗಿರಬೇಕು, ನಾಯಕಿ ಏನೋ ಅಂದಳು, ನಾನು ರೂಢಿಯಂತೆ ಪಕ್ಕದ ಕುರ್ಚಿಯ ಕಡೆ ತಿರುಗಿ “ಏನಂದಳು?” ಎಂದೆ. ಕುರ್ಚಿಯ ಮೇಲೆ ಒಗೆದ ಬಟ್ಟೆಗಳ ರಾಶಿಯಿತ್ತು. ಎದ್ದು ಟಿವಿ ಆರಿಸಿದೆ. ಒಬ್ಬನೇ ಇರುವುದು ಇಷ್ಟು ಕಷ್ಟವೆಂದು ನನಗೆ ಅಳುವ ಮಂದಿಯ ನಡುವೆ ಕುಳಿತಾಗಲೂ ತಿಳಿದಿರಲಿಲ್ಲ.

ನನ್ನ ಊಟದ ಬಗ್ಗೆಯೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬನೇ ಇದ್ದಾಗ ನಾನು ಕುಳಿತು ಉಣ್ಣುವುದಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ, ರೊಟ್ಟಿ ಅಂಗೈ ಮೇಲಿಟ್ಟುಕೊಂಡು, ನಿಂತಲ್ಲೇ ಮುಗಿಸುತ್ತೇನೆ. ವತ್ಸಲಾ ತಂಗಿಯ ಮನೆಗೆ ಹೋದಾಗೆಲ್ಲ ಇದೇ ನಡೆಯುತ್ತಿತ್ತು; ಅವಳು ಮರಳಿದವಳೇ ಉಣ್ಣುವ ತಾಟು ಬಳಸದೆ ಒಣಗಿದ್ದು ನೋಡಿ ಕಂಡುಹಿಡಿಯುತ್ತಿದ್ದಳು. ಈಗ ನೋಡುವವರಿಲ್ಲದೆ ದಿನವೂ ನಿಂತೇ ಉಣ್ಣುತ್ತಿದ್ದೆ.

ಹೀಗಿರುವಾಗ ಮೊಬೈಲು ಜಾಗವಿಲ್ಲವೆಂದು ತಕರಾರು ತೆಗೆಯಿತು. ಎಲ್ಲಕ್ಕಿಂತ ದೊಡ್ಡದು ಆ ಕಪ್ಪು ವಿಡಿಯೊ, ಅಳಿಸಲೇ ಎಂದು ಅದೇ ಕೇಳಿತು. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಪ್ರತಿಯೊಂದನ್ನೂ ಮೊದಲಿಂದ ಕೊನೆಯವರೆಗೆ ಬಿಡಿಸಿ ನೋಡುವುದು ನಮ್ಮ ರೂಢಿ. ಓದುವವರು ಏನೇನೋ ಒಳಗಿಟ್ಟು ಮರೆತಿರುತ್ತಾರೆ, ಫೋಟೊ, ನವಿಲುಗರಿ, ಒಮ್ಮೆ ಒಂದು ಪ್ರೇಮಪತ್ರ. ಆ ಹಾಳು ರೂಢಿಯಿಂದಲೇ ಕಪ್ಪು ವಿಡಿಯೊವನ್ನು ನಡುವೆ ಎಲ್ಲೋ ಒಂದು ಕಡೆ ಬಿಡಿಸಿದೆ.

“ಏನ್ರಿ, ನಿದ್ದಿ ಹತ್ತಿತೇನ? ಇಷ್ಟ ಚಂದ ಅಳಾಕತ್ತಾಳ ಆಕಿ, ನೀವ ಗೊರಕಿ ಹೊಡೀತೀರಿ” ಎಂದಳು ವತ್ಸಲಾ.

ಮೊಬೈಲನ್ನು ಕಟ್ಟೆಯ ಮೇಲಿಟ್ಟು ದನಿ ಜೋರು ಮಾಡಿದೆ. ಕಂಪನಿಯವರು ಚಿತ್ರಕ್ಕೆ ಕೀಲಿ ಹಾಕಿದ್ದರು, ಸರಿ. ಆದರೆ ಮೊಬೈಲಿನ ಮೈಕು ತೆರೆದೇ ಇತ್ತು. ಅವರಿಗೆ ಸೇರದ್ದೆಲ್ಲವನ್ನೂ ಅದು ಒಂದು ಗಂಟೆಗೂ ಹೆಚ್ಚು ಹೊತ್ತು ನಿಷ್ಠೆಯಿಂದ ಬರೆದುಕೊಂಡಿತ್ತು. ಅವಳ ಅರ್ಥ, ಅವಳ ಬಳೆ, ಸೀನು, ಹೊರಗೆ ಪಾತ್ರೆ ಮಾರುವ ಭಾಂಡೆಯವನ ಕೂಗು. ಒಂದು ಕಡೆ “ನಿಲ್ಲಸ್ರಿ, ಹಾಲ ಉಕ್ಕತಾವ” ಎಂದು ಏಳುತ್ತಾಳೆ. ಸಿನೆಮಾ ನಿಲ್ಲುತ್ತದೆ. ಆಮೇಲೆ ಕಪ್ಪು ಪರದೆಯಲ್ಲಿ ಎರಡು ನಿಮಿಷ ನಮ್ಮ ಮನೆ ಮಾತ್ರ ಇದೆ: ಒಲೆಯ ಹತ್ತಿರ ಪಾತ್ರೆಯ ಸದ್ದು, ಅವಳು ತನಗೆ ತಾನೇ ಗುನುಗುವುದು. ಆ ಎರಡು ನಿಮಿಷವನ್ನು ನಾನು ಎಷ್ಟು ಸಲ ಕೇಳಿದೆನೆಂದು ಹೇಳಿದರೆ ನೀವು ನಗುತ್ತೀರಿ.

ಇದನ್ನು ಸುಶೀಲಾಗೆ ಅಂದೇ ತಿಳಿಸಬೇಕಿತ್ತು. ತಿಳಿಸಲಿಲ್ಲ. ಅವಳ ಫೋನು ಬಂದರೆ ಸಿಡಿ ಸಿಕ್ಕಿದೆ, ಒಂದು ದಿನ ತರುತ್ತೇನೆ ಎನ್ನುತ್ತಿದ್ದೆ. ದನಿ ಸಿಕ್ಕಿದ್ದು ಹೇಳುತ್ತಿರಲಿಲ್ಲ. ಯಾರೂ ತೆರೆಯದಂತೆ ಆ ವಿಡಿಯೊಕ್ಕೆ ಗುಪ್ತಸಂಖ್ಯೆಯನ್ನೂ ಇಟ್ಟೆ. ಸಿನೆಮಾದವರ ಕೀಲಿಗೆ ನಕ್ಕ ಮನುಷ್ಯ ಹೆಂಡತಿಯ ದನಿಗೆ ತಾನೇ ಕೀಲಿ ಹಾಕಿ ಕುಳಿತಿದ್ದ. ಕಂಪನಿಯವರಾದರೂ ಎರಡು ದಿನ ಬಾಡಿಗೆಗೆ ಕೊಡುತ್ತಾರೆ. ನಾನು ಅದನ್ನೂ ಕೊಡಲಿಲ್ಲ. ಹಂಚಿದರೆ ನನ್ನ ಪಾಲು ಕಡಿಮೆಯಾಗುತ್ತದೆಂದು ಯಾಕೋ ಭಯ.

ಅದರ ಕೊನೆಯ ಅರ್ಧ ನಿಮಿಷದಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಹಾಗಾಗಿ ದಿನವೂ ಅದಕ್ಕೆ ಮುಂಚೆಯೇ ನಿಲ್ಲಿಸುತ್ತಿದ್ದೆ. ಒಂದು ಮಧ್ಯಾಹ್ನ ಭಾಂಡೆ ತಿಕ್ಕುತ್ತಿದ್ದೆ, ಕೈಯೆಲ್ಲ ಸಾಬೂನು, ನಿಲ್ಲಿಸಲಾಗಲಿಲ್ಲ. ಅವಳು ಹೇಳಿಯೇಬಿಟ್ಟಳು: “ಉಳದದ್ದ ನಾಳೆ ನೋಡೂಣು. ಸುಶಿಗಿ ಕಳಸೂದ ಮರೀಬ್ಯಾಡ್ರಿ. ನೀವ ಮರೀತೀರಿ, ನನಗ ಗೊತ್ತೈತಿ.”

ಮರುದಿನ ಮೊಬೈಲನ್ನೂ ಎರಡು ಸಿಡಿಗಳನ್ನೂ ಚೀಲದಲ್ಲಿಟ್ಟುಕೊಂಡು ಜುಗೂಳದ ಬಸ್ಸು ಹಿಡಿದೆ.

ಸುಶೀಲಾ ಒಬ್ಬಳೇ ಇದ್ದಳು; ಮನೆಯವರು ಹೊಲಕ್ಕೆ ಹೋಗಿದ್ದರು. ಮುಂಚೆಯೇ ಹೇಳದಿದ್ದುದಕ್ಕೆ ತಪ್ಪಾಯಿತೆಂದು ಹೇಳಿ ಮೊಬೈಲು ಅವಳ ಮುಂದಿಟ್ಟೆ. ಕಪ್ಪು ಪರದೆಯನ್ನೇ ದಿಟ್ಟಿಸುತ್ತ ಕುಳಿತು ಮೊದಲಿಂದ ಕೇಳಿದಳು. ಕಣ್ಣೀರು ಸುರಿಯುತ್ತಿತ್ತು, ಆದರೂ ನಾನು ಒಮ್ಮೆಯೂ ನಗದಿದ್ದ ಕಡೆಗಳಲ್ಲಿ ನಗುತ್ತಿದ್ದಳು. ಕೊನೆಗೆ ಹೆಣ್ಣು ಮನೆ ಬಿಟ್ಟು ಹೊರಡುವ ಜಾಗ ಬಂತು. ಆಕೆ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಏನೋ ಅನ್ನುತ್ತಾಳೆ, ಮತ್ತೆ ವತ್ಸಲಾಳ ಕನ್ನಡ: “ನಾ ಇಲ್ಲದಾಗ ನಿಂತಗೊಂಡ ಉಣ್ಣಬ್ಯಾಡ, ಯಾರನರ ಕರಕೊಂಡ ಕುಂತ ಉಣ್ಣು ಅನ್ನಾಕತ್ತಾಳ.”

ಸುಶೀಲಾ ವಿಡಿಯೊ ನಿಲ್ಲಿಸಿದಳು. ಈ ಸೀಮೆಯ ಮರಾಠಿ ಮನೆಗಳಲ್ಲಿ ಅಕ್ಕನ ಗಂಡನನ್ನು ದಾಜಿ ಎಂದು ಕರೆಯುತ್ತಾರೆ.

“ದಾಜಿ, ಆಕಿ ಹಂಗ ಅಂದಿಲ್ರಿ.”

ಯಾರು ಎಂದು ಕೇಳಿದೆ.

“ಸಿನೆಮಾದಾಕಿ. ಕೀಲಿ ಎಲ್ಲಿಟ್ಟಿ ಅಂತ ಗಂಡಗ ಕೇಳತಾಳ, ಅಷ್ಟ. ಇದು ಅಕ್ಕ ತನ್ನ ಕಡಿಂದ ಹಾಕ್ಯಾಳ, ನಿಮಗ.”

ಆ ಭಾನುವಾರದ ಮುಂದಿನ ವಾರ ವತ್ಸಲಾ ಜುಗೂಳಕ್ಕೆ ಬರುವವಳಿದ್ದಳು. ನಾನು ಮತ್ತೆ ನಿಂತು ಉಣ್ಣುತ್ತೇನೆಂದು ಗೊತ್ತಿದ್ದು, ಸಿನೆಮಾದ ನೆಪದಲ್ಲಿ ಗದರಿಸಿದ್ದಳು. ಬೇರೇನೂ ಅವಳ ಮನಸ್ಸಿನಲ್ಲಿ ಇದ್ದಿರಲಿಕ್ಕಿಲ್ಲ. ಆ ಮಾತನ್ನು ನಾನು ಒಂದೂವರೆ ತಿಂಗಳು ಬಚ್ಚಿಟ್ಟುಕೊಂಡು ದಿನವೂ ಕೇಳಿದ್ದೆ, ಅದೂ ಕಟ್ಟೆಗೆ ಒರಗಿ ರೊಟ್ಟಿ ತಿನ್ನುತ್ತ, ಸಿನೆಮಾದವಳ ಮಾತೆಂದುಕೊಂಡು. ಎರಡೂ ಭಾಷೆ ಬಲ್ಲ ತಂಗಿಗೆ ಕೊಡದೇ ಇದ್ದಿದ್ದರೆ ಅದು ನನ್ನ ಪಾಲಿಗೆ ಬಂದ ಮಾತೆಂದು ನನಗೆ ಎಂದೂ ತಿಳಿಯುತ್ತಿರಲಿಲ್ಲ.

ವಿಡಿಯೊ ನನ್ನ ಮೊಬೈಲಿನಿಂದ ಅವಳ ಮೊಬೈಲಿಗೆ ಹೋಯಿತು. ಯಾವ ಕೀಲಿಯೂ ಅಡ್ಡ ಬರಲಿಲ್ಲ, ನನ್ನದರಲ್ಲಿ ಒಂದು ಚೂರೂ ಕಡಿಮೆಯಾಗಲಿಲ್ಲ.

ಆಮೇಲೆ ಅವರ ಮನೆಯ ಪ್ಲೇಯರಿನಲ್ಲಿ ಎರಡನೆಯ ಸಿಡಿ ಹಾಕಿದೆವು. ಅರ್ಥ ಹೇಳುವ ಕೆಲಸ ಸುಶೀಲಾ ವಹಿಸಿಕೊಂಡಳು. ಮನೆ ಬಿಟ್ಟು ಹೋದವಳು ಬಹಳ ಸುತ್ತಾಡಿ ಕೊನೆಗೆ ಮರಳಿ ಬರುತ್ತಾಳೆ. ಬಾಗಿಲು ತೆರೆದಿದೆ, ಒಳಗೆ ಗಂಡ ನಿಂತಿದ್ದಾನೆ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅಲ್ಲಿಗೆ ಮುಗಿಯಿತು.

“ಊಟಕ್ಕ ಕುಂದರು ಅನ್ನಾಕತ್ತಾಳ್ರಿ ದಾಜಿ” ಎಂದು ಸುಶೀಲಾ ಎದ್ದು ಎರಡು ತಾಟು ತಂದಳು.

ಪರದೆಯ ಮೇಲೆ ಯಾರ ತುಟಿಯೂ ಅಲುಗಿರಲಿಲ್ಲ. ಅಷ್ಟು ಮರಾಠಿ ನನಗೂ ಬರುತ್ತದೆ. ನಾನು ಊಟಕ್ಕೆ ಕುಳಿತೆ.