ಪಾಟೀಲರ ಜೀಪಿಗೆ ನರಸಿಂಗಣ್ಣ ಹಾಕಿದ ಲೈಟು

ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ನರಸಿಂಗಣ್ಣನವರ ತಗಡಿನ ಅಂಗಡಿ ಇದೆ. ಗಾಡಿಗಳ ವೈರಿಂಗ್ ಮಾಡುವುದು ಅವರ ಕಸುಬು. ಟ್ರ್ಯಾಕ್ಟರ್ ಬರಲಿ, ಜೀಪು ಬರಲಿ, ಕೆಲಸ ಮುಗಿದ ಮೇಲೆ ಎಲ್ಲ ಲೈಟು ಹಚ್ಚಿ, ಎಂಜಿನ್ ಚಾಲು ಇಟ್ಟು, ಗಡಿಯಾರ ನೋಡಿ ಅರ್ಧ ತಾಸು ಕೂರುತ್ತಾರೆ. ಆಮೇಲೆ ಎದ್ದು ಪ್ರತಿಯೊಂದು ಜೋಡಣೆಯನ್ನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಾರೆ. ಅಂಗೈ ಕೆಲಸ ಮಾಡಿ ಮಾಡಿ ದಪ್ಪಗಾಗಿದೆ, ಅದಕ್ಕೆ ಬಿಸಿ ಬೇಗ ತಿಳಿಯುವುದಿಲ್ಲ ಎನ್ನುವುದು ಅವರ ಲೆಕ್ಕ. ಎಲ್ಲಾದರೂ ಬೆಚ್ಚಗಿದ್ದರೆ ಆ ಜಾಗ ಬಿಚ್ಚಿ ಮತ್ತೆ ಕಟ್ಟುತ್ತಾರೆ.

ಗಿರಾಕಿಗಳು ಬೇಸತ್ತು ಚೇಷ್ಟೆ ಮಾಡುತ್ತಿದ್ದರು. "ಗಾಡೀಗಿ ಜ್ವರ ನೋಡಾಕತ್ತಾನ ನೋಡ್ರಿ. ಗುಳಿಗಿ ಯಾವಾಗ ಕೊಡ್ತೀಯೋ ಡಾಕ್ಟರ?"

"ಜ್ವರ ಇಲ್ಲಿ ಬಂದ್ರ ಛಲೋ. ದಾರ್‍ಯಾಗ ಬಂದ್ರ ನಿನ್ನ ಹೊತ್ಗೊಂಡು ಬರಾಕ ಯಾರರ ಬೇಕಲ್ಲ?" ಎನ್ನುತ್ತಿದ್ದರು ನರಸಿಂಗಣ್ಣ.

ಅವರು ದುಬಲಗುಂಡಿಯವರು. ತಂದೆ ತಾಯಿ ಇಬ್ಬರೂ ಹೊಲದ ಕೂಲಿ. ಏಳನೇ ಇಯತ್ತೆಗೆ ಸಾಲೆ ಬಿಟ್ಟು ಮನ್ನಾಏಖೇಳ್ಳಿಯ ಮಹೆಬೂಬ ಉಸ್ತಾದರ ಹತ್ತಿರ ಹನ್ನೊಂದು ವರ್ಷ ಕೆಲಸ ಕಲಿತರು. ಮುಟ್ಟಿ ನೋಡುವ ಪದ್ಧತಿ ಉಸ್ತಾದರದೇ. ಸ್ವಂತ ಅಂಗಡಿ ಹಾಕಿ ಇಪ್ಪತ್ತಾರು ವರ್ಷವಾದರೂ ನರಸಿಂಗಣ್ಣ ಆ ಪದ್ಧತಿ ಬಿಟ್ಟಿರಲಿಲ್ಲ. ಬಿಟ್ಟದ್ದು ಒಂದೇ ದಿನ. ಆ ದಿನ ನಾನು ಬೈಕಿನ ಹಾರ್ನ್ ಕೆಟ್ಟಿದೆ ಎಂದು ಅಂಗಡಿಗೆ ಹೋಗಿ ಕೂತಿದ್ದೆ.

ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಘಾಟಬೋರಾಳದ ಶರಣಕುಮಾರ ಪಾಟೀಲರು ತಮ್ಮ ನಾಲ್ಕೂ ಗಾಲಿಯಿಂದ ಎಳೆಯುವ ಹಳೆಯ ಜೀಪು ತಂದಿದ್ದರು. ಹಳ್ಳ ದಾಟಿ, ಕೆಸರು ತುಳಿದು ಕಬ್ಬಿನ ಗದ್ದೆಗೆ ಹೋಗುವ ಗಾಡಿ ಅದು. ನಸುಕಿನಲ್ಲಿ ಹಳ್ಳದ ದಂಡೆ ಕಾಣುವುದಿಲ್ಲ, ಮುಂದೆ ಎರಡು ದೊಡ್ಡ ಲೈಟು ಬೇಕು ಎಂದಿದ್ದರು. ಪಾಡ್ಯದ ದಿನ ಗಾಡಿ ಪೂಜೆ ಇರುತ್ತದಲ್ಲ, ಅದಕ್ಕಾಗಿ ಜೀಪಿಗೆ ಹೊಸ ಬಣ್ಣ ಹೊಡೆಸಿದ್ದರು. ನಮ್ಮ ಕಡೆ ಪೂಜೆಗೆ ಬಣ್ಣ ಹೊಡೆಸಿದರೆ ಮೇಲಷ್ಟೇ ಹೊಡೆಸುವುದಿಲ್ಲ. ಬಾನೆಟ್ ಎತ್ತಿದರೆ ಒಳಗಿನ ತಗಡು, ನಟ್ಟು, ಬೋಲ್ಟು ಎಲ್ಲವೂ ಹಸಿರು. ಅದರ ಮೇಲೆ ಅರಿಶಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು.

ನರಸಿಂಗಣ್ಣ ಬೆಳಗಿನಿಂದ ಕೆಲಸ ಮಾಡಿದ್ದರು. ಬ್ಯಾಟರಿಯಿಂದ ದಪ್ಪ ವೈರು, ಮಧ್ಯೆ ಫ್ಯೂಜು, ರಿಲೇ, ಸೀಟಿನ ಮುಂದೆ ಸ್ವಿಚ್ಚು, ಎಲ್ಲ ಆಗಿತ್ತು. ಅರ್ಥಿಂಗ್ ಒಂದು ಉಳಿದಿತ್ತು. ಬ್ಯಾಟರಿಯಿಂದ ಲೈಟಿಗೆ ಹೋದ ಕರೆಂಟು ಮರಳಿ ಬರುವುದು ಗಾಡಿಯ ಕಬ್ಬಿಣದ ಮೂಲಕ. ಅದಕ್ಕಾಗಿ ಲೈಟಿನ ಇನ್ನೊಂದು ವೈರನ್ನು ಗಾಡಿಯ ಮೈಗೆ ಬೋಲ್ಟಿನಿಂದ ಬಿಗಿಯಬೇಕು.

ಅಷ್ಟರಲ್ಲಿ ಅವರ ಮಗಳು ಮನೀಷಾ ಓಡುತ್ತ ಬಂದಳು. ಬಿ.ಎ. ಕೊನೆಯ ವರ್ಷ. ಅವಳ ಪರೀಕ್ಷೆಯ ಸೆಂಟರು ಬಸವಕಲ್ಯಾಣದಲ್ಲಿ, ಎರಡು ಗಂಟೆಗೆ.

"ಅಪ್ಪಾ, ದುಬಲಗುಂಡಿ ಬಸ್ಸು ತಡಾ ಆತು. ಕಲ್ಯಾಣದ್ದು ನನ್ನ ಕಣ್ಣಮುಂದೇ ಹೋತು!"

ಗಡಿಯಾರದಲ್ಲಿ ಹನ್ನೆರಡೂವರೆ ದಾಟಿತ್ತು. ನರಸಿಂಗಣ್ಣ ಬೋಲ್ಟು ಬಿಗಿಯುವ ಪಾನಾ ಹಿಡಿದುಕೊಂಡೇ ನಿಂತರು. ಪಾಟೀಲರೇ ಮಾತಾಡಿದರು.

"ಯಾಕ ಅಳ್ತಿ ತಂಗಿ? ನಾನೂ ಅಕ್ಕನ ಮನೀಗಿ ಕಲ್ಯಾಣಕ್ಕೇ ಹೊಂಟೀನಿ. ಹಿಂದ ಕೂಡು. ಉಸ್ತಾದ, ಲಗೂ ಮಾಡು ಮತ್ತ."

ನರಸಿಂಗಣ್ಣ ಬಗ್ಗಿ ಬೋಲ್ಟು ಬಿಗಿದರು. ಸ್ವಿಚ್ಚು ಒತ್ತಿದರು. ಎರಡೂ ಲೈಟು ಬಿಳಿಯಾಗಿ ಹತ್ತಿ ಎದುರಿನ ಗೋಡೆ ಬೆಳಗಿತು. ಅವರು ಗಡಿಯಾರ ನೋಡಿದರು, ಮಗಳನ್ನು ನೋಡಿದರು.

"ಪಾಟೀಲರ, ಒಂದು ಮಾತು. ಕಲ್ಯಾಣ ಮುಟ್ಟೂತನಕ ಈ ಲೈಟು ಬಂದ್ ಮಾಡಬ್ಯಾಡ್ರಿ. ಅರ್ಧ ತಾಸು ರಸ್ತೆದಾಗೇ ಆಗ್ತದ. ಅಲ್ಲಿ ಬಾನೆಟ್ ಎತ್ತಿ ಒಂದ್ಸಲ ಮುಟ್ಟಿ ನೋಡ್ರಿ."

"ಹಗಲಾಗ ಲೈಟು ಹಚ್ಕೊಂಡು ಹೋದ್ರ ಮಂದಿ ನಗತಾರಲ್ಲೋ."

"ನಗಲಿ ಬಿಡ್ರಿ. ಮನೀಷಾ, ನೀನೂ ಲಕ್ಷ್ಯ ಇಡವ್ವ. ಬಂದ್ ಮಾಡಬಾರದು."

ಜೀಪು ಹೋಯಿತು.

ಆಮೇಲೆ ನನ್ನ ಹಾರ್ನಿನ ಸರದಿ. ನರಸಿಂಗಣ್ಣ ಅದನ್ನು ಬಿಚ್ಚಿ, ಬೋಲ್ಟು ಕೂರುವ ಜಾಗದ ತುಕ್ಕು ಕೆರೆಯಲು ಪಾಲಿಶ್ ಪೇಪರಿನ ಹೊಸ ಹಾಳೆ ಹರಿದರು. ಎರಡು ಸಲ ಉಜ್ಜಿದವರು ತಟ್ಟನೆ ನಿಂತುಬಿಟ್ಟರು. ಹಾಳೆ ತಿರುಗಿಸಿ ನೋಡಿದರು. ತಮ್ಮ ಉಗುರು ನೋಡಿಕೊಂಡರು. ಕಪ್ಪು ಮಸಿ ಇತ್ತು, ತುಕ್ಕಿನ ಕೆಂಪು ಇತ್ತು.

"ಹಸರು ಇಲ್ಲ," ಎಂದರು.

"ಏನಣ್ಣ?"

"ಉಗುರಾಗ ಹಸರು ಬಣ್ಣ ಇಲ್ಲ. ನಾ ಕೆರೀಲಿಲ್ಲ ತಮ್ಮಾ. ಬಣ್ಣದ ಮ್ಯಾಲೇ ಬೋಲ್ಟ್ ಬಿಗದೀನಿ."

ಬಣ್ಣದೊಳಗೆ ಕರೆಂಟು ಹರಿಯುವುದಿಲ್ಲ. ಬೋಲ್ಟಿನ ತಿರುಪು ಎಲ್ಲೋ ಒಂದಿಷ್ಟು ಕಬ್ಬಿಣಕ್ಕೆ ತಾಗಿರುವುದರಿಂದ ಲೈಟು ಹತ್ತಿದೆ. ಅಷ್ಟು ದೊಡ್ಡ ಲೈಟುಗಳ ಕರೆಂಟೆಲ್ಲ ಆ ಸಣ್ಣ ಜಾಗದಿಂದಲೇ ಹೋಗಬೇಕು, ಹೋದಷ್ಟೂ ಅಲ್ಲಿ ಕಾವು ಏರುತ್ತದೆ. ಇದನ್ನು ಅವರು ಹೇಳಿದ್ದು ಪಾಟೀಲರ ಫೋನಿಗೆ ನಂಬರು ಒತ್ತುತ್ತ. ಫೋನು ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರು. ಆ ಜೀಪಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಮನೀಷಾ ಪರೀಕ್ಷೆ ಇದೆಯೆಂದು ಫೋನು ಮನೆಯಲ್ಲೇ ಬಿಟ್ಟಿದ್ದಳು.

"ಗಾಡಿ ತೆಗಿ," ಎಂದರು ನರಸಿಂಗಣ್ಣ. ಅಂಗಡಿ ಹಾಗೇ ತೆರೆದಿತ್ತು. ಪಾನಾ ಅವರ ಕೈಯಲ್ಲೇ ಇತ್ತು.

ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೆ ಎರಡೆರಡು ಟ್ರಾಲಿ. ದಾಟಲು ಹೋದರೆ ಎದುರಿನಿಂದ ಲಾರಿ. ನನ್ನ ಬೈಕಿಗೆ ಹಾರ್ನೂ ಇಲ್ಲ. ನರಸಿಂಗಣ್ಣ ಹಿಂದೆ ಕೂತು "ಹೋಯ್, ಸರೀರಿ, ಸರೀರಿ!" ಎಂದು ಕೂಗುತ್ತಿದ್ದರು. ಅವರ ಎಡಗೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಿತ್ತು.

"ಫ್ಯೂಜ್ ಹಾಕೀರಲ್ಲಣ್ಣ, ಅದು ಹಾರಂಗಿಲ್ಲೇನು?" ನಾನು ಧೈರ್ಯ ಹೇಳಲು ಕೇಳಿದೆ.

"ಕರೆಂಟ್ ಹೆಚ್ಚಾದ್ರ ಫ್ಯೂಜ್ ಹಾರ್ತದ. ಇಲ್ಲಿ ಹೆಚ್ಚಾಗಿಲ್ಲ, ದಾರಿ ಸಣ್ಣದಾಗ್ಯದ. ಫ್ಯೂಜಿಗೆ ಏನೂ ಗೊತ್ತಾಗಂಗಿಲ್ಲ." ನನ್ನ ಕಿವಿಯ ಹತ್ತಿರ ಬಗ್ಗಿ ಅಂದರು: "ಆ ಬೋಲ್ಟಿನ ಬಾಜೂಕೇ ಡೀಸೆಲ್ ಪೈಪ್ ಅದ. ರಬ್ಬರಿಂದು."

ನಾನು ಎಕ್ಸಿಲರೇಟರ್ ಇನ್ನಷ್ಟು ತಿರುವಿದೆ.

ರಾಜೇಶ್ವರದಲ್ಲಿ ಮುಜಾಫರ್ ಎಂಬ ಪಂಕ್ಚರ್ ಅಂಗಡಿಯವರು ಅವರಿಗೆ ಗುರುತು. ಬೈಕು ನಿಲ್ಲಿಸದೆ ನಿಧಾನ ಮಾಡಿಸಿ ಕೂಗಿದರು. "ಮುಜಾಫರ್ ಭಾಯಿ, ಹಸರು ಜೀಪ್ ಹೋತೇನು?"

"ಹೋತಲ್ಲ, ಈಗ ಹತ್ತು ನಿಮಿಷ ಆಗಿರಬೇಕು. ಹಗಲಾಗ ಲೈಟು ಹಚ್ಚಿ! ನಿಂದೇ ಕೆಲಸ ಅಂತ ತಿಳೀತು ಬಿಡು."

"ಲೈಟ್ ಹ್ಯಾಂಗಿದ್ವು? ಬೆಳ್ಳಗ ಇದ್ವೇನು?"

"ಎಲ್ಲೀ ಬೆಳ್ಳಗ! ಎಣ್ಣಿ ದೀಪ ಇದ್ದಂಗ ಕೆಂಪಗ ಇದ್ವು. ಹೊಸಾ ಲೈಟ್ ಹಾಕೀಯೋ, ಚಿಮಣಿ ಹಾಕೀಯೋ?"

ಭುಜದ ಮೇಲಿನ ಕೈ ಇನ್ನೂ ಬಿಗಿಯಾಯಿತು. "ಜೋರು ಬಿಡು ತಮ್ಮಾ," ಎಂದರು. ಲೈಟು ಕೆಂಪಾಗಿದೆ ಎಂದರೆ ಲೈಟಿಗೆ ಸಿಗಬೇಕಾದದ್ದನ್ನು ಆ ಬೋಲ್ಟು ತಿನ್ನುತ್ತಿದೆ ಎಂದು ನನಗೂ ಅಷ್ಟರಲ್ಲಿ ಅರ್ಥವಾಗಿತ್ತು.

ಕಲ್ಯಾಣದ ಕಡೆ ತಿರುಗುವ ಬಂಗ್ಲಾ ಕ್ರಾಸಿನಲ್ಲಿ ಜೀಪು ಕಂಡಿತು. ರಸ್ತೆ ಬದಿಗೆ ನಿಂತಿತ್ತು. ಎಂಜಿನ್ ಚಾಲೂ ಇತ್ತು. ಲೈಟುಗಳು ಬೀಡಿಯ ಕೆಂಡದಷ್ಟೇ ಉರಿಯುತ್ತಿದ್ದವು. ಪಾಟೀಲರು ಅಕ್ಕನ ಮನೆಗೆಂದು ಬಾಳೆಹಣ್ಣು ತೆಗೆದುಕೊಳ್ಳಲು ತಳ್ಳುಗಾಡಿಯ ಹತ್ತಿರ ಇಳಿದಿದ್ದರು. ಮನೀಷಾ ಹಿಂದಿನ ಸೀಟಿನಲ್ಲಿ ಮೂಗಿಗೆ ಓಢಣಿ ಹಿಡಿದು ಕೂತಿದ್ದಳು. ಬಾನೆಟಿನ ಸಂದಿಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು.

"ಇಳಿ! ಇಳಿ ಕೆಳಗ! ದೂರ ಹೋಗು!"

ನರಸಿಂಗಣ್ಣ ಬೈಕು ನಿಲ್ಲುವ ಮೊದಲೇ ಹಾರಿದ್ದರು. ಒಳಗೆ ಕೈ ಹಾಕಿ ಸ್ವಿಚ್ಚು ಆರಿಸಿ, ಕೀಲಿ ತಿರುವಿ, ಬಾನೆಟ್ ಎತ್ತಿದರು. ಹೊಗೆ ಮುಖಕ್ಕೆ ಹೊಡೆಯಿತು. ವೈರಿನ ಪ್ಲಾಸ್ಟಿಕ್ಕು ಕರಗಿ ಡೀಸೆಲ್ ಪೈಪಿನ ಮೇಲೆ ಇಳಿದಿತ್ತು, ಅದರ ತುದಿಯಲ್ಲಿ ಸಣ್ಣ ನೀಲಿ ಉರಿ ಇನ್ನೂ ಇತ್ತು. ಅವರು ಬಟ್ಟೆ ಹುಡುಕಲಿಲ್ಲ. ಬಲಗೈಯಿಂದ ಆ ವೈರನ್ನು ಹಿಡಿದು ಪೈಪಿನಿಂದ ಕಿತ್ತು, ಮುಷ್ಟಿಯಲ್ಲಿ ಹಿಚುಕಿ ಆರಿಸಿದರು. ಎಡಗೈಯಿಂದ ಬ್ಯಾಟರಿಯ ತಂತಿ ಬಿಚ್ಚಿದರು. ಪೈಪಿನ ರಬ್ಬರು ಒಂದು ಕಡೆ ಉಬ್ಬಿ ಹೊಳೆಯುತ್ತಿತ್ತು. ಒಡೆದಿರಲಿಲ್ಲ.

ಇಳಿದು ದೂರ ನಿಂತಿದ್ದ ಮನೀಷಾ ಹತ್ತಿರ ಬಂದಳು.

"ವಾಸನಿ ಬರಲಿಲ್ಲೇನು ನಿನಗ?" ನರಸಿಂಗಣ್ಣ ಮಗಳನ್ನು ಗದರಿಸಿದರು.

"ಬಂತು. ರಾಜೇಶ್ವರದಿಂದನೂ ಬರಾಕತ್ತಿತ್ತು. ಬಂದ್ ಮಾಡ್ತೀನಂದ್ರು ಪಾಟೀಲ ಕಾಕಾ, ನಾನೇ ಬ್ಯಾಡಂದೆ." ಮನೀಷಾ ಅಪ್ಪನ ಮುಖವನ್ನೇ ನೋಡಿದಳು. "ನೀನೇ ಹೇಳಿದ್ದಿ, ಬಂದ್ ಮಾಡಬಾರದು ಅಂತ."

ಪಾಟೀಲರು ಹಣ್ಣಿನ ಚೀಲ ಹಿಡಿದು ಓಡಿ ಬಂದವರು ಒಳಗೆ ಇಣುಕಿ ನೋಡಿದರು. ನರಸಿಂಗಣ್ಣ ಬೋಲ್ಟು ತೋರಿಸಿ ಆದದ್ದನ್ನು ಹೇಳಿದರು. "ಬಣ್ಣದ ಮ್ಯಾಲೆ ಬಿಗದದ್ದಕ್ಕ ಹಿಂಗಾತೇನು? ಆ ಪೇಂಟರಗ ನಾ ಬಿಡಂಗಿಲ್ಲ. ಬೋಲ್ಟಿಗೆಲ್ಲ ಬಣ್ಣ ಬಡಿ ಅಂತ ಯಾರು ಹೇಳಿದ್ರು ಅವಗ?"

"ಬಣ್ಣ ಹಚ್ಚೂದು ಅವನ ಕೆಲಸರಿ. ಕೆರೆಯೂದು ನನ್ನ ಕೆಲಸ. ನಾ ಕೆರೀಲಿಲ್ಲ, ಮುಟ್ಟಿನೂ ನೋಡಲಿಲ್ಲ."

ಪಾಟೀಲರ ಮುಖ ಬಿಗಿಯಿತು. "ಗಾಡ್ಯಾಗ ನಿನ್ನ ಮಗಳಿದ್ಲು ಅಂತ ಓಡಿ ಬಂದಿ. ನಾ ಒಬ್ಬನೇ ಇದ್ರ?"

"ನೀವು ಒಬ್ರೇ ಇದ್ರ ಅರ್ಧ ತಾಸು ಅಂಗಡ್ಯಾಗೇ ಕುಂಡ್ರಿಸ್ತಿದ್ದೆ, ನೀವು ಎಷ್ಟು ಬೈದ್ರೂ. ಆಕೀ ಸಲುವಾಗಿ ಬಿಟ್ಟೆ."

ಪಾಟೀಲರು ಚೀಲವನ್ನು ಸೀಟಿನ ಮೇಲಿಟ್ಟು ಗಡಿಯಾರ ನೋಡಿದರು. "ಒಂದು ನಲವತ್ತು ಆತು. ಈ ತಂಗೀನ ಮೊದಲ ಕಳಸ್ರಿ."

ಮನೀಷಾಳನ್ನು ನಾನು ಬೈಕಿನ ಮೇಲೆ ಕರೆದೊಯ್ದೆ. ಕಾಲೇಜಿನ ಗೇಟು ಮುಟ್ಟಿದಾಗ ಎರಡಕ್ಕೆ ನಾಲ್ಕು ನಿಮಿಷ ಇತ್ತು. ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಹೋದವಳು ತಿರುಗಿ, "ಅಪ್ಪನ ಕೈಗಿ ನೀರು ಹಾಕಾಕ ಹೇಳ್ರಿ. ಆತ ತಾನಾಗಿ ಹಾಕ್ಕೊಳಂಗಿಲ್ಲ," ಎಂದು ಒಳಗೆ ಓಡಿದಳು.

ನಾನು ಬಂಗ್ಲಾಕ್ಕೆ ಮರಳಿದಾಗ ಜೀಪು ಅಲ್ಲೇ ಇತ್ತು. ಕ್ರಾಸಿನ ಗ್ಯಾರೇಜಿನಿಂದ ಹೊಸ ಪೈಪು, ವೈರು ತಂದು ಹಾಕಿ ಆಗಿತ್ತು. ಬೋಲ್ಟಿನ ಸುತ್ತ ಅಂಗೈಯಗಲ ಬಣ್ಣ ಕೆರೆದು ಕಬ್ಬಿಣ ಬೆಳ್ಳಗೆ ಕಾಣುತ್ತಿತ್ತು. ಲೈಟು ಉರಿಯುತ್ತಿದ್ದವು. ನರಸಿಂಗಣ್ಣ ಬಲಗೈಗೆ ಒದ್ದೆ ಕರವಸ್ತ್ರ ಸುತ್ತಿಕೊಂಡು ನಿಂತಿದ್ದರು. ಅದು ಪಾಟೀಲರ ಕರವಸ್ತ್ರ.

"ಒಳಗ ಬಿಟ್ರೇನು?"

"ಬಿಟ್ರಣ್ಣ. ನಾಲ್ಕು ನಿಮಿಷ ಮೊದಲ ಮುಟ್ಟಿದ್ವಿ."

ಅವರು ತಲೆಯಾಡಿಸಿದರು. ಚಹಾ ಕೊಟ್ಟರೆ ಹಿಡಿಯಲು ಆಗಲಿಲ್ಲ, ಬಲಗೈ ಸುಟ್ಟಿತ್ತು, ಎಡಗೈಯಲ್ಲಿ ಪಾನಾ ಇತ್ತು. ಪಾಟೀಲರೇ ಕಪ್ಪು ಹಿಡಿದು, "ಕುಡಿಯೋ ಮಾರಾಯಾ, ನಾನೇನು ದಿನಾ ಹಿಂಗ ಕುಡಸಂಗಿಲ್ಲ," ಎಂದರು. ನರಸಿಂಗಣ್ಣ ಎರಡು ಗುಟುಕು ಕುಡಿದರು.

"ಸಾಕಲ್ಲ ಈಗ? ಹೋಗೂನೇನು?"

"ಇನ್ನೂ ಇಪ್ಪತ್ತು ನಿಮಿಷ ಅವರಿ."

ಪಾಟೀಲರು ಪಾಪ, ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಇಪ್ಪತ್ತು ನಿಮಿಷ ಕಳೆಯಿತು. ನರಸಿಂಗಣ್ಣ ಎಡಗೈಯ ಹಿಂಬದಿಯನ್ನು ಬೋಲ್ಟಿನ ಮೇಲಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ಬಾನೆಟ್ ಇಳಿಸಿದರು.

"ತಮ್ಮಾ, ನೀ ಹೋಗಿ ಅಂಗಡಿ ಮುಚ್ಚು. ಪರೀಕ್ಷಾ ಐದಕ್ಕ ಬಿಡ್ತದ. ನಾ ಪಾಟೀಲರ ಗಾಡ್ಯಾಗ ಕಲ್ಯಾಣಕ್ಕ ಹೋಗ್ತೀನಿ," ಎಂದು ಮಗಳು ಕೂತಿದ್ದ ಹಿಂದಿನ ಸೀಟಿಗೆ ಹತ್ತಿದರು.

"ಲೈಟ್ ಬಂದ್ ಮಾಡ್ಲೇನೋ ಉಸ್ತಾದ?"

"ಬ್ಯಾಡ್ರಿ. ಉರೀಲಿ. ನಾ ಇಲ್ಲೇ ಕುಂತೀನಿ."

ಜೀಪು ಕಲ್ಯಾಣದ ರಸ್ತೆಗೆ ತಿರುಗಿತು. ಎದುರಿನಿಂದ ಬಂದ ಬೈಕಿನವನೊಬ್ಬ ಕೈಯೆತ್ತಿ ಬೆರಳು ಮುಚ್ಚಿ ತೆರೆದು, ಲೈಟು ಹತ್ತಿವೆ ಎಂದು ಸನ್ನೆ ಮಾಡಿದ. ಪಾಟೀಲರು ಗೊತ್ತಿದೆ ಎಂಬಂತೆ ಕೈ ಅಲ್ಲಾಡಿಸಿ ಮುಂದೆ ಹೋದರು.