ಬೋರ್ಡಿನ ಮುಂದೆ ಹಚ್ಚೆಯ ಕೈ

ಆಗೋ ಮಾತಲ್ಲ ಅಂದವನು ನನ್ನ ಸೋದರಮಾವ. ಕೆ. ಹೊಸಕೋಟೆಯಲ್ಲಿ ಬಸ್ಸು ನಿಲ್ಲುವ ಕಡೆ ಅವನದೊಂದು ಬೀಡಿ-ಬೆಲ್ಲದ ಅಂಗಡಿ ಇತ್ತು. ನಾನು ಬಿ.ಎ. ಕಟ್ಟುತ್ತೇನೆಂದು ಅವ್ವ ಅಲ್ಲಿ ಹೋಗಿ ಹೇಳಿದಳು. ಆಲೂರಿನ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಮಾವ ಅಂದ:

“ಕೇಳ್ರಪ್ಪೋ, ಮೊಣಕೈವರ್ಗೂ ಹಚ್ಚೆ ಇರೋಳು ಬಿ.ಎ. ಮಾಡ್ತಾಳಂತೆ! ಅವಳ ಕೈ ನೋಡಿದ್ರೆ ಸಾಕು, ಪುಸ್ತಕ ಕಿತ್ಕೊಂಡು ಕುಕ್ಕೆ ಕೊಟ್ಟು ಕಾಫಿ ಹಣ್ಣು ಕುಯ್ಯೋಕೆ ಕಳಿಸ್ತಾರೆ.”

ಜನ ನಕ್ಕರು. ಅವ್ವ ನಗಲಿಲ್ಲ. “ಕುಕ್ಕೆ ಹೊತ್ತ ಕೈಗೆ ಪೆನ್ನೇನು ಭಾರವಾ? ನಿನ್ ಬೀಡಿ ಕಟ್ಟು ನೀನು ಕಟ್ಕ” ಅಂದು ಬಂದಳು.

ಆ ಹಚ್ಚೆ ಹಾಕಿಸಿದವಳು ಅವಳೇ. ಸುಗ್ಗಿ ಮುಗಿದ ಮೇಲೆ ಹಚ್ಚೆಯವಳು ಊರಿಗೆ ಬರುತ್ತಿದ್ದಳು. ಗರುಗದ ಸೊಪ್ಪಿನ ರಸಕ್ಕೆ ದೀಪದ ಕಾಡಿಗೆ ಕಲಸಿ, ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುವಳು. ನಾನಿನ್ನೂ ಲಂಗದ ಹುಡುಗಿ. ಅವ್ವ ನನ್ನ ಬಲಗೈಯನ್ನು ತನ್ನ ಮಂಡಿಯ ಕೆಳಗೆ ಅದುಮಿ ಕೂತಳು. ಮಣಿಕಟ್ಟಿಗೆ ಚುಕ್ಕಿ ಸಾಲು, ಮೇಲೆ ಬಳ್ಳಿ, ಬಳ್ಳಿಯ ನಡುವೆ ತೊಟ್ಟಿಲು. ನಾನು ಕಿರುಚಿದರೆ, “ಚಿನ್ನ ಬೆಳ್ಳಿ ಯಾರಾದ್ರೂ ಕಿತ್ಕತಾರೆ, ಇದ್ನ ಯಾರೂ ಕಿತ್ಕಳಕ್ಕಾಗಲ್ಲ ಕಣವ್ವ. ಸತ್ತಾಗ್ಲೂ ಜೊತೇಲಿ ಬತ್ತದೆ” ಎಂದಳು. ಹಚ್ಚೆಯಿಲ್ಲದ ಹೆಣ್ಣಿನ ಕೈನೀರನ್ನು ಅತ್ತೆ ಮನೆಯಲ್ಲಿ ಮುಟ್ಟುವುದಿಲ್ಲ ಎಂಬ ಮಾತೂ ನಮ್ಮ ಕಡೆ ಇತ್ತು. ಹಚ್ಚೆಯವಳಿಗೆ ಒಂದು ಮೊರ ರಾಗಿ ಕೊಟ್ಟು ಕಳಿಸಿದಳು.

ಅಪ್ಪ ಬೇಗ ಹೋದ. ಅವ್ವ ಎರಡು ತುಂಡು ಬೆದ್ದಲಿನಲ್ಲಿ ರಾಗಿ ಬೆಳೆದು, ಕಾಫಿ ಹಣ್ಣಿನ ಕಾಲದಲ್ಲಿ ತೋಟಗಳಿಗೆ ಹೋಗಿ ನನ್ನನ್ನು ಹಾಸನದಲ್ಲಿ ಇಂಟರ್‌ವರೆಗೆ ಓದಿಸಿದಳು. ಅಲ್ಲಿಂದ ಮುಂದೆ ಕಾಲೇಜು ನಮ್ಮ ಕೈಗೆ ಎಟುಕಲಿಲ್ಲ. ಸಕಲೇಶಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಪಾಠ ಹೇಳುವ ಕೆಲಸದಲ್ಲಿ ಇದ್ದವರು ಬಿ.ಎ. ಪರೀಕ್ಷೆಗೆ ಖಾಸಗಿಯಾಗಿ ಕೂರಬಹುದಿತ್ತು, ಆದರೆ ಅರ್ಜಿಗೆ ಶಾಲೆಯ ಮುಖ್ಯಸ್ಥರ ಸಹಿ ಬೇಕು. ಕೆಲಸ ಹೋದರೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ಬಿ.ಎ. ಇಲ್ಲ. ನಾನು ಆ ಶಾಲೆಯಲ್ಲಿ ಏನೇನು ಸಹಿಸಿದೆನೋ ಅದೆಲ್ಲ ಆ ಒಂದು ಸಹಿಗೆ.

ಮೊದಲ ವಾರವೇ ಕಷ್ಟ ಶುರುವಾಯಿತು. ಕೂತಾಗ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳಬಹುದು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಲೇಬೇಕಲ್ಲ. ಎತ್ತಿದರೆ ಇಡೀ ಕ್ಲಾಸಿನ ಎದುರು ತೊಟ್ಟಿಲು, ಬಳ್ಳಿ, ಚುಕ್ಕಿ. ತೋಟದ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, ಕೇಡಿನ ಬುದ್ಧಿಯೇನೂ ಇಲ್ಲದೆ ಕೇಳಿದಳು: “ಮಿಸ್, ನಮ್ಮ ತೋಟದ ಲೈನ್ ಮನೆ ಆಳುಗಳ ಕೈಲೂ ಇದೇ ಇದೆ. ನೀವೂ ಹಣ್ಣು ಕುಯ್ತಿದ್ರಾ?”

ಕುಯ್ದಿದ್ದೆ. ರಜದಲ್ಲಿ ಅವ್ವನ ಜೊತೆ ಕುಯ್ದಿದ್ದೆ. “ಕೂತ್ಕೋ, ಲೆಕ್ಕ ಬರಿ” ಅಂದೆ.

ಸಂಜೆ ಹೆಡ್‌ಮಿಸ್ ಕರೆದರು. ಒಳ್ಳೆಯ ಹೆಂಗಸು, ಆದರೆ ಆಡಳಿತದವರಿಗೆ ಹೆದರುತ್ತಿದ್ದರು. “ನಾನೇನೂ ಅನ್ನಲ್ಲಮ್ಮ. ಮಕ್ಕಳ ಮನೆಯವರು ಅಂತಾರೆ. ಟೀಚರ್ ಅಂದ್ರೆ ನೋಡೋಕೆ ಟೀಚರ್ ಥರಾ ಇರಬೇಕಲ್ಲ? ಅದನ್ನ ಹೇಗಾದ್ರೂ ಮುಚ್ಕೊಳ್ಳಿ.”

ಹೇಗಾದರೂ ಅಂದರೆ ಹೇಗೆ? ಪೇಟೆಯಲ್ಲಿ ಒಬ್ಬ ಸಾಬರ ಟೈಲರ್ ಅಂಗಡಿಗೆ ಹೋಗಿ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ ಹೊಲಿದುಕೊಡಿ ಅಂದೆ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನನ್ನೇ ನೋಡಿದರು. “ಎಲ್ರೂ ತೋಳು ಕಡಿಮೆ ಮಾಡಿ ಅಂತ ಬರ್ತಾರೆ. ನಮ್ಮಜ್ಜಿನೂ ಇಷ್ಟುದ್ದ ಹೊಲಿಸ್ತಿರಲಿಲ್ಲವಲ್ಲ ತಾಯಿ!” ಎಂದು ನಕ್ಕರೂ ಹೊಲಿದುಕೊಟ್ಟರು. ಜೂನ್ ಮಳೆ ಹಿಡಿಯುವವರೆಗೆ ಅದು ನಡೆಯಿತು. ಆಮೇಲೆ ಒಗೆದದ್ದು ಒಣಗುವುದಿಲ್ಲ. ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಕುಪ್ಪಸ ಹರಡಿ ಒಣಗಿಸಿದರೆ ಕ್ಲಾಸೆಲ್ಲ ಹೊಗೆ ವಾಸನೆ. ಒದ್ದೆಯದನ್ನೇ ಹಾಕಿಕೊಂಡರೆ ಬಿಳಿ ಬಟ್ಟೆಯೊಳಗಿಂದ ಹಸಿರು ತೊಟ್ಟಿಲು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಕೈತುಂಬ ಬಳೆ ಏರಿಸಿ ನೋಡಿದೆ. ಬೋರ್ಡಿಗೆ ತಾಗಿ ಗಲಗಲ ಅಂದು ಪಕ್ಕದ ಕ್ಲಾಸಿನವರು ದೂರು ಹೇಳಿದರು. ಮುಖಕ್ಕೆ ಹಚ್ಚುವ ಸ್ನೋ ಬಳಿದು ಮೇಲೆ ಪೌಡರ್ ಒತ್ತಿದೆ. ಹೊತ್ತೇರುತ್ತಲೇ ಬೆವರಿಗೆ ಕಲಸಿ ಕೈ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕೊನೆಗೆ ನಾನು ಬೋರ್ಡಿಗೆ ಬರೆಯುವುದನ್ನೇ ಬಿಟ್ಟೆ. ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು ಬರೆಸತೊಡಗಿದೆ. ಆ ವರ್ಷ ತನಿಖೆಗೆ ಬಂದ ಇನ್‌ಸ್ಪೆಕ್ಟರು, “ಮಕ್ಕಳ ಕೈಯಿಂದಲೇ ಬರೆಸುವ ಈ ಕ್ರಮ ಬಹಳ ಚೆನ್ನಾಗಿದೆ, ಎಲ್ಲರೂ ಇದನ್ನ ಅನುಸರಿಸಬೇಕು” ಎಂದು ಹೊಗಳಿ ಹೋದರು. ನಾನು ಸೆರಗಿನೊಳಗೆ ಕೈಯಿಟ್ಟುಕೊಂಡೇ ನಮಸ್ಕಾರ ಮಾಡಿದೆ.

ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ಪರೀಕ್ಷೆಯ ಅರ್ಜಿ ಕೊಡುವ ಕಾಲ ಹತ್ತಿರ ಬಂತು. ಆಡಳಿತದಲ್ಲಿದ್ದ ತೋಟದ ಯಜಮಾನರೊಬ್ಬರು ನನ್ನನ್ನು “ಆ ಹಚ್ಚೆ ಕೈಯೋಳು” ಎಂದು ಕರೆಯುತ್ತಾರೆ ಅಂತ ಕಿವಿಗೆ ಬಿತ್ತು. ನಾನಿದ್ದ ಬಾಡಿಗೆ ಕೋಣೆಯ ಒಡತಿ ನನ್ನ ಪಾಡು ನೋಡಿ ಉಪಾಯ ಹೇಳಿದಳು: “ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಕಟ್ಟಿಬುಡಿ. ಮೇಲಿನ ಪದರ ಎದ್ದು ಬತ್ತದೆ, ಹಚ್ಚೆನೂ ಅದರ ಜೊತೆಗೇ ಹೋಯ್ತದೆ. ನಮ್ಮೋರೊಬ್ರು ಹಂಗೇ ತೆಗೆಸಿದ್ರು.”

ತೊಟ್ಟಿಲೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಅದರ ಮೇಲೇ ಕಟ್ಟಿದೆ. ಉರಿ ತಡೆಯಲಾರದೆ ಬಿಚ್ಚುವ ಹೊತ್ತಿಗೆ ಬೊಬ್ಬೆ ಎದ್ದಿತ್ತು, ಮಾರನೆಯ ದಿನ ಒಡೆದು ಕೀವಾಯಿತು. ಹಚ್ಚೆ ಮಾತ್ರ ಕೆಳಗೆ ಹಾಗೇ ಇತ್ತು. ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಶಾಲೆಗೆ ಹೋದೆ. ಒಂದು ಕಡೆ ಸಮಾಧಾನವೇ ಆಯಿತು ಅನ್ನಿ. ಬ್ಯಾಂಡೇಜಿನ ಕೆಳಗೆ ಏನಿದೆ ಅಂತ ಯಾರಿಗೆ ಕಾಣುತ್ತದೆ?

ಕಾಣದ್ದಕ್ಕೇ ಕೆಟ್ಟಿತು. ಇಷ್ಟು ದಿನ ಉದ್ದ ತೋಳು, ಆಮೇಲೆ ಪೌಡರು, ಈಗ ಬಟ್ಟೆ. ಜನ ಕೂಡಿಸಿ ನೋಡಿದರು, ಬರೀ ಹಚ್ಚೆಗೆ ಯಾರು ಇಷ್ಟೆಲ್ಲ ಮಾಡುತ್ತಾರೆ ಅಂದರು. ಮೊದಲು ತೊನ್ನು ಅಂದರು, ಆಮೇಲೆ ಕುಷ್ಠ ಅಂದರು. ಟೀಚರುಗಳ ಕೋಣೆಯಲ್ಲಿ ನನ್ನ ನೀರಿನ ಲೋಟ ಕಿಟಕಿಯ ಮೇಲೆ ಬೇರೆಯಾಗಿ ಕೂತಿತು. ಯಾರು ಇಟ್ಟರು ಅಂತ ಯಾರೂ ಹೇಳಲಿಲ್ಲ. ನಾನು ಮುಟ್ಟಿದ ಸೀಮೆಸುಣ್ಣವನ್ನು ಹುಡುಗಿಯರು ಸೆರಗಿನ ತುದಿಯಲ್ಲಿ ಹಿಡಿಯತೊಡಗಿದರು. ನಾನೇ ಕಲಿಸಿದ ಮಕ್ಕಳು. ಒಬ್ಬ ತಂದೆ ಬಂದು ಮಗಳನ್ನು ಕ್ಲಾಸಿನ ಮಧ್ಯದಿಂದಲೇ ಎಬ್ಬಿಸಿಕೊಂಡು ಹೋದ.

ಹೆಡ್‌ಮಿಸ್ ಕಣ್ಣಿಗೆ ಕಣ್ಣು ಕೊಡದೆ ಹೇಳಿದರು: “ಅಂಟುರೋಗ ಅಲ್ಲ ಅಂತ ಡಾಕ್ಟರ ಸರ್ಟಿಫಿಕೇಟ್ ತನ್ನಿ. ಅಲ್ಲೀವರೆಗೂ ಕ್ಲಾಸಿಗೆ ಬರಬೇಡಿ. ಅರ್ಜಿ ನನ್ನ ಮೇಜಿನ ಮೇಲೇ ಇರುತ್ತೆ. ಈಗ ಸಹಿ ಹಾಕೋಕಾಗಲ್ಲ.”

ಪೇಟೆಯಲ್ಲಿ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಡಾಕ್ಟರೊಬ್ಬರಿದ್ದರು. ಬಟ್ಟೆ ಬಿಚ್ಚಿ ನೋಡಿ ಬೈದರು. “ಎಂಥ ಮಾರಾಯ್ತಿ ಇದು? ಇದು ರೋಗವೂ ಅಲ್ಲ ಎಂಥದೂ ಅಲ್ಲ. ಯಾರು ಹೇಳಿದ್ದು ನಿನಗೆ ಕೈ ಬೇಯಿಸ್ಲಿಕ್ಕೆ?”

“ಸುಟ್ಟ ಗಾಯ ಅಂತ ಮಾತ್ರ ಬರೆದುಕೊಡಿ ಸಾರ್. ಹಚ್ಚೆ ಸುದ್ದಿ ಬೇಡ.”

“ಬರಿಯ ಸುಟ್ಟ ಗಾಯ ಅಂದ್ರೆ ಯಾರು ನಂಬ್ತಾರೆ? ಒಳಗೆ ಏನುಂಟು ಅಂತ ಅವರಿಗೆ ತಲೆಬಿಸಿ. ಹಚ್ಚೆ ತೆಗೀಲಿಕ್ಕೆ ಹೋಗಿ ಸುಟ್ಟುಕೊಂಡದ್ದು ಅಂತಲೇ ಬರೀತೇನೆ. ಕೇಳಿದ್ರೆ ಕೈ ತೋರಿಸು. ಇಲ್ಲದಿದ್ರೆ ಕೆಲಸ ಬಿಡು.”

ಬಿಡುವುದು ನನ್ನಿಂದಾಗುತ್ತಿರಲಿಲ್ಲ. ಮರುದಿನ ಚೀಟಿ ಹಿಡಿದು ಹೆಡ್‌ಮಿಸ್ ಕೋಣೆಗೆ ಹೋದೆ. ತೋಟದ ಯಜಮಾನರೂ ಅಲ್ಲೇ ಕೂತಿದ್ದರು. ಚೀಟಿ ಓದಿದರು, ನಂಬಲಿಲ್ಲ. “ಬಿಚ್ಚಿ ನೋಡೋಣ” ಅಂದರು.

ಬಿಚ್ಚಿದೆ. ಇಷ್ಟು ತಿಂಗಳು ಸೆರಗಿನೊಳಗೆ, ಬಳೆಯೊಳಗೆ, ಪೌಡರಿನೊಳಗೆ ಇಟ್ಟದ್ದನ್ನು ಅವರ ಮೇಜಿನ ಮೇಲೆ ಚಾಚಿ ಹಿಡಿದೆ. ಹಸಿ ಮಾಂಸದ ನಡುವೆ ಅರ್ಧ ತೊಟ್ಟಿಲು.

“ಅಯ್ಯೋ, ಬರೀ ಆ ಹಚ್ಚೆನೇನಾ! ಇಷ್ಟೇನಾ?” ಎಂದು ಯಜಮಾನರು ನಕ್ಕುಬಿಟ್ಟರು. “ನಮ್ಮನೆ ಪಾತ್ರೆ ತೊಳೆಯೋಳ ಕೈ ತುಂಬಾ ಐತೆ. ಸುಮ್ನೆ ಗಾಬರಿ ಮಾಡ್ಬುಟ್ರಲ್ಲ.” ಹೆಡ್‌ಮಿಸ್ಸೂ ನಕ್ಕರು, ನಗುತ್ತಲೇ ಅರ್ಜಿಗೆ ಸಹಿ ಹಾಕಿದರು. “ಇನ್ನು ಮೇಲೆ ಮುಚ್ಚಬೇಡಿಮ್ಮ. ಜನ ಮತ್ತೇನಾದ್ರೂ ತಿಳ್ಕೋತಾರೆ.”

ಮುಚ್ಚಿಕೊಳ್ಳಿ ಅಂದ ಬಾಯೇ ಅದು. ಸಹಿ ಬಿದ್ದ ಅರ್ಜಿ ನನ್ನ ಕೈಯಲ್ಲಿತ್ತು, ಆದರೂ ಖುಷಿ ಬರಲಿಲ್ಲ. ಕುಷ್ಠಕ್ಕಿಂತ ವಾಸಿ ಎಂದು ಒಪ್ಪಿಕೊಂಡರೇ ಹೊರತು ಆ ಕೈಗೆ ಯಾರೂ ಮರ್ಯಾದೆ ಕೊಡಲಿಲ್ಲ. ಆದರೂ ಅವತ್ತೇ ಕ್ಲಾಸಿಗೆ ಹೋಗಿ ಕೈಯೆತ್ತಿ ಬೋರ್ಡಿನ ತುಂಬ ಬರೆದೆ. ಉರಿಯುತ್ತಿತ್ತು, ಬರೆದೆ.

ದಸರಾ ರಜಕ್ಕೆ ಊರಿಗೆ ಹೋದಾಗ ಅವ್ವ ಮೊದಲು ನೋಡಿದ್ದೇ ಕೈ. ಗಂಜಿ ಚೆಲ್ಲಿಬಿಟ್ಟಿತು ಅಂದೆ. ಅವಳು ಬೆಣ್ಣೆ ತಂದು ಕಲೆಯ ಸುತ್ತ ನಿಧಾನಕ್ಕೆ ಸವರಿದಳು. “ಬಲು ಬುದ್ವಂತ ಗಂಜಿ ಕಣವ್ವ. ಹುಡುಕ್ಕೊಂಡೋಗಿ ತೊಟ್ಲು ಮೇಲೇ ಚೆಲ್ಲೈತೆ” ಅಂದಳು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಿ.ಎ. ಸುಲಭಕ್ಕೆ ಬರಲಿಲ್ಲ. ಇಂಗ್ಲಿಷ್ ಒಂದು ಸಲ ಹೋಯಿತು, ಮತ್ತೆ ಕಟ್ಟಿದೆ. ಸರ್ಟಿಫಿಕೇಟ್ ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಬಂತು. ನಮ್ಮ ವಂಶದಲ್ಲಿ ಹಿಂದೆ ಯಾರೂ ಕಾಣದ ಕಾಗದ. ಹೆಮ್ಮೆ ಪಟ್ಟೆ ಅಂತ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಅದನ್ನು ಮಡಿಸಲು ಮನಸ್ಸು ಬರದೆ, ಸುರುಳಿ ಸುತ್ತಿ ಎದೆಗವಚಿಕೊಂಡು ಊರಿನ ಬಸ್ಸು ಹತ್ತಿದೆ.

ಬರುತ್ತೇನೆಂದು ಹೇಳಿಕಳಿಸಿದ್ದರಿಂದ ಅವ್ವ ಮಾವನ ಅಂಗಡಿಯ ಮುಂದೆಯೇ ಕಾಯುತ್ತಿದ್ದಳು. ಮಾವ ಗಲ್ಲಾ ಬಿಟ್ಟು ಎದ್ದು ಬಂದ. “ನೋಡ್ರಪ್ಪೋ, ನಮ್ಮುಡುಗಿ! ಇವಳು ಮಾಡೇ ಮಾಡ್ತಾಳೆ ಅಂತ ನಾನವತ್ತೇ ಇಲ್ಲೇ ನಿಂತು ಅಂದಿದ್ದೆ.” ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬ, “ಅಂದಿದ್ದೆ ಕಣಯ್ಯ, ಕುಕ್ಕೆ ಕೊಡ್ತಾರೆ ಅಂತ ಅಂದಿದ್ದೆ” ಅಂದ.

ನಾನು ಸುರುಳಿ ಬಿಚ್ಚಿ ಅವ್ವನ ಕೈಗೆ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡು ಅಂಚು ಹಿಡಿದಳು. ಓದು ಬಾರದವಳು ಮೇಲಿಂದ ಕೆಳಗೆ, ಸಾಲು ತಪ್ಪದೆ, ಎಲ್ಲವನ್ನೂ ನೋಡಿದಳು. ಆಮೇಲೆ ನನ್ನ ಬಲಗೈ ಎಳೆದುಕೊಂಡು ಆ ಸುಟ್ಟ ಕಲೆಯ ಮೇಲೆ ಹೆಬ್ಬೆಟ್ಟು ಇಟ್ಟಳು.

“ಈ ಕಾಗ್ದಾನಾದ್ರೂ ಯಾರ್ಗೋ ಹೆದ್ರಿ ಸುಟ್ಕಬ್ಯಾಡ ಕಣವ್ವ” ಅಂದಳು.